ಊರು ಮಾರುವವರು, ಊರಿಗೆ ಮರುಳಾದವರು

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಪೆನ್ನನ್ ಎಂಬ ಮೀನುಗಾರರ ಹಳ್ಳಿಯಿದೆ. ಹಿಂದೆ ಕಡಿದಾದ ಬಂಡೆ, ಮುಂದೆ ಸಮುದ್ರ, ನಡುವೆ ಒಂದೇ ಸಾಲು ಮನೆಗಳು. ಗಾಳಿಯ ಹೊಡೆತ ತಪ್ಪಿಸಲು ಹೆಚ್ಚಿನವು ಕಡಲಿಗೆ ಪಕ್ಕೆ ಕೊಟ್ಟು ನಿಂತಿವೆ. ಪ್ರವಾಸಿಗರು ಮಾತ್ರ ಹುಡುಕಿಕೊಂಡು ಬರುವುದು ಅಲ್ಲಿನ ಕೆಂಪು ಟೆಲಿಫೋನ್ ಬೂತನ್ನು. ಕಾರಣ, ಬಿಲ್ ಫೋರ್ಸೈತ್ ಅವರ 1983ರ ಚಿತ್ರ 'ಲೋಕಲ್ ಹೀರೋ'. ತಮಾಷೆಯೆಂದರೆ ಚಿತ್ರದ ಬೂತ್ ಶೂಟಿಂಗಿಗೆಂದು ತಂದಿಟ್ಟದ್ದು. ಈಗ ಪಾರಂಪರಿಕ ಪಟ್ಟಿಯಲ್ಲಿರುವುದು ಊರಿನದೇ ಇನ್ನೊಂದು. ಚಿತ್ರದ ಮರಳತೀರವೂ ಪೆನ್ನನ್‌ನದಲ್ಲ, ಪಶ್ಚಿಮ ಕರಾವಳಿಯ ಕ್ಯಾಮಸ್‌ಡರಾಕ್‌ನದು.

ಕತೆ ಸರಳ. ಹೂಸ್ಟನ್ನಿನ ತೈಲ ಕಂಪನಿಯೊಂದು ಇಡೀ ಹಳ್ಳಿಯನ್ನು ಖರೀದಿಸಲು ಮ್ಯಾಕ್ ಎಂಬ ಅಧಿಕಾರಿಯನ್ನು ಕಳಿಸುತ್ತದೆ. ಹೆಸರು ನೋಡಿ ಅವನನ್ನು ಸ್ಕಾಟಿಷ್ ಎಂದುಕೊಂಡಿದ್ದಾರೆ. ಅವನ ಹಿರಿಯರು ಹಂಗೇರಿಯಿಂದ ಬಂದು ಹೆಸರು ಬದಲಿಸಿಕೊಂಡವರು. ಡೀಲನ್ನು ಟೆಲೆಕ್ಸ್‌ನಲ್ಲೇ ಮುಗಿಸಬಹುದಿತ್ತಲ್ಲ ಎಂದುಕೊಂಡು ಬಂದವನು ನಿಧಾನಕ್ಕೆ ಊರಿಗೆ ಮರುಳಾಗುತ್ತಾನೆ. ಊರವರೋ, ಮಾರಿ ಶ್ರೀಮಂತರಾಗಲು ತುದಿಗಾಲಲ್ಲಿ ನಿಂತಿದ್ದಾರೆ. ಈ ತಿರುವುಮುರುವೇ ಚಿತ್ರದ ಜಾಣತನ. ಹಳ್ಳಿಗರೆಂದರೆ ಮಣ್ಣಿಗಾಗಿ ಪ್ರಾಣ ಕೊಡುವವರು ಎಂಬ ಸಿನಿಮಾ ನಂಬಿಕೆಯನ್ನು ಅದು ನಗುನಗುತ್ತಲೇ ಕೆಡವುತ್ತದೆ.

ನನ್ನ ತಕರಾರು ಇರುವುದು ಇನ್ನೊಂದು ಕಡೆ. ಅವರಿಗೆ ಮಾರುವ ಆತುರವೇಕೆ ಎಂಬುದಕ್ಕೆ ಚಿತ್ರದಲ್ಲಿ ಚರಿತ್ರೆಯೇ ಇಲ್ಲ. ಈ ಕರಾವಳಿಯನ್ನು ಬೆಳೆಸಿದ್ದು ಹೆರಿಂಗ್ ಮೀನು. 1907ರಲ್ಲಿ ಸ್ಕಾಟ್ಲೆಂಡ್ ಸುಮಾರು 25 ಲಕ್ಷ ಪೀಪಾಯಿ ಉಪ್ಪುಮೀನು ಸಿದ್ಧಪಡಿಸಿತ್ತು. ಬಹುಪಾಲು ಹೋಗುತ್ತಿದ್ದುದು ಜರ್ಮನಿ, ರಷ್ಯಾಗಳಿಗೆ. ಮೊದಲ ಮಹಾಯುದ್ಧ ಆ ಮಾರುಕಟ್ಟೆಯನ್ನು ಮುರಿಯಿತು. ದೋಣಿಗಳ ಹಿಂದೆಯೇ ಬಂದರಿನಿಂದ ಬಂದರಿಗೆ, ದೂರದ ಯಾರ್ಮತ್‌ವರೆಗೂ, ವಲಸೆ ಹೋಗುತ್ತಿದ್ದ ಹೆಣ್ಣುಮಕ್ಕಳಿದ್ದರು. ಮೂವರ ತಂಡ: ಇಬ್ಬರು ಮೀನು ಸೀಳುವವರು, ಒಬ್ಬಳು ಪೀಪಾಯಿಗೆ ತುಂಬುವವಳು. ಉಪ್ಪು, ಚಾಕುಗಳಿಂದ ಬೆರಳು ಕಾಯಲು ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಇಷ್ಟು ಗೊತ್ತಿದ್ದರೆ ಊರವರ ಹಣದಾಸೆ ಬರೀ ತಮಾಷೆಯಾಗಿ ಕಾಣುವುದಿಲ್ಲ.

ಕೊನೆಯಲ್ಲಿ ಕಂಪನಿಯ ಧಣಿ ಹೆಲಿಕಾಪ್ಟರಿನಲ್ಲಿ ಇಳಿಯುತ್ತಾನೆ, ಆಕಾಶಕ್ಕೆ ಮನಸೋಲುತ್ತಾನೆ, ತೀರ ಉಳಿಯುತ್ತದೆ. ನಮಗೆ ಸಮಾಧಾನ. ಕೋಟಿಗಳ ಕನಸು ಕಂಡಿದ್ದವರ ಗತಿಯೇನೆಂದು ಚಿತ್ರ ಹೆಚ್ಚು ವಿಚಾರಿಸುವುದಿಲ್ಲ. ಚೆಂದವನ್ನು ಉಳಿಸುವ ತೀರ್ಮಾನ ಸಹ ಹೊರಗಿನವನದೇ. 2007ರಲ್ಲಿ ಪೆನ್ನನ್‌ನ ಹಿಂದಿನ ಗುಡ್ಡ ಜರಿದು ಮನೆಗಳಿಗೆ ಕೆಸರು ನುಗ್ಗಿತು; ಅಲ್ಲಿ ಬದುಕುವುದೆಂದರೆ ಇದೂ ಸೇರಿ.

ಆದರೂ ಊರು ಬಿಟ್ಟ ನಮ್ಮಂಥವರು ಈ ಚಿತ್ರ ನೋಡಬೇಕು. ಹೂಸ್ಟನ್ನಿಗೆ ಮರಳಿದ ಮ್ಯಾಕ್ ಜೇಬಿನಿಂದ ಚಿಪ್ಪುಗಳನ್ನು ತೆಗೆದಿಡುತ್ತಾನೆ. ಆಮೇಲೆ ಹಳ್ಳಿಯ ಬೂತಿನಲ್ಲಿ ಫೋನ್ ರಿಂಗಾಗುತ್ತದೆ. ಯಾರೂ ಎತ್ತುವುದು ಕಾಣುವುದಿಲ್ಲ. ಊರಿನ ಬಗ್ಗೆ ನಾವು ಹಂಬಲಿಸುವಾಗ ಊರಲ್ಲೇ ಇರುವವರಿಗೆ ಏನು ಬೇಕೆಂದು ಕೇಳಿದ್ದೇವೆಯೇ? ನನ್ನ ಮಟ್ಟಿಗೆ, ಆ ಫೋನ್ ಕೇಳುವುದು ಇದನ್ನೇ.