ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಕೊಲೆ ಪ್ರಕರಣದ ತೀರ್ಪು ಬಂದಾಗಲೆಲ್ಲ ನಮ್ಮ ಬಾಯಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ಶಿಕ್ಷೆಯಾದರೆ, 'ಕಣ್ಣಾರೆ ಕಂಡವರಿದ್ದರಲ್ಲ!' ಮೇಲ್ಮನವಿಯಲ್ಲಿ ಬಿಡುಗಡೆಯಾದರೆ, 'ಕಂಡವರ ಮಾತಿಗೂ ಬೆಲೆಯಿಲ್ಲವೇ?' ಎರಡೂ ಅವಸರದ ಮಾತುಗಳೇ.

ಕಾನೂನು ಸಾಕ್ಷಿಗಳ ತಲೆ ಎಣಿಸುವುದಿಲ್ಲ. ಯಾವುದೇ ಸಂಗತಿಯ ರುಜುವಾತಿಗೆ ಇಂತಿಷ್ಟೇ ಸಾಕ್ಷಿಗಳು ಬೇಕೆಂದು 1872ರ ಸಾಕ್ಷ್ಯ ಕಾಯ್ದೆ ಕೇಳಿರಲಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮವೂ ಕೇಳುವುದಿಲ್ಲ. 1957ರ ವಡಿವೇಲು ತೇವರ್ ಪ್ರಕರಣದಲ್ಲಿ, ಕೊಲೆಯಾದ ಚಹಾ ಅಂಗಡಿಯವನ ಪತ್ನಿಯೊಬ್ಬಳ ಮಾತನ್ನೇ ನಂಬಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಅದೇ ತೀರ್ಪು ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು. ತೊಡಕೆಲ್ಲ ಮೂರನೆಯವರದು. ಅವರ ಮಾತಿಗೆ ಬೇರೆ ಪುರಾವೆಯ ಆಸರೆ ಬೇಕು.

ಧಾರವಾಡದವರಿಗೆ ಇದು ದೂರದ ವಿಚಾರವಲ್ಲ. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದಾಗ ಪತ್ನಿ ಉಮಾದೇವಿಯವರು ಮನೆಯಲ್ಲೇ ಇದ್ದರು. ತನಿಖೆ ಕುಂಟಿತು. ಕೊನೆಗೆ ಅವರೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸಿದ್ದ ವಿಶೇಷ ತಂಡಕ್ಕೆ ಪ್ರಕರಣ ದಕ್ಕಿದ್ದು 2019ರ ಫೆಬ್ರವರಿಯಲ್ಲಿ. ಆರೋಪಪಟ್ಟಿ ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಆರೋಪಿಗಳ ತಪ್ಪು-ಒಪ್ಪನ್ನು ಹೇಳಬೇಕಾದುದು ನ್ಯಾಯಾಲಯ, ನಾವಲ್ಲ. ನಮ್ಮ ಆಕ್ಷೇಪ ಬೇರೆ. ತನಿಖೆಯಲ್ಲಿ ಕಳೆದುಹೋದ ಒಂದೊಂದು ವರ್ಷದ ಭಾರವನ್ನೂ ಕಂಡವರ ನೆನಪೇ ಹೊರಬೇಕಾಗುತ್ತದೆ. ಕ್ಷಣಮಾತ್ರ ನೋಡಿದ ಮುಖವನ್ನು ವರ್ಷಗಳ ಬಳಿಕ ಗುರುತಿಸಿದರೆ 'ಅದು ಹೇಗೆ ಸಾಧ್ಯ?' ಎಂದು ಪಾಟೀಸವಾಲು. ಗುರುತಿಸದಿದ್ದರೆ ಸಾಕ್ಷಿಯೇ ಬಿದ್ದುಹೋಯಿತು. ತಡ ಮಾಡಿದವರು ಯಾರು, ದಂಡ ತೆರುವವರು ಯಾರು?

2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆದ ಮೇಲೆ, ಮೇಲ್ಮನವಿಗಾಗಿ ಈ ಭಾಗದವರು ಬೆಂಗಳೂರಿಗೆ ಅಲೆಯುವುದು ತಪ್ಪಿತು. ಆದರೆ ಮೇಲ್ಮನವಿಯ ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಸಾಕ್ಷಿಯ ಮುಖ ನೋಡುವುದಿಲ್ಲ, ಕಾಗದ ಓದುತ್ತಾರೆ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು 'ಅವನ ಇದ್ದಂಗಿತ್ರಿ' ಎಂದರೆ ಅದು ಅಂದಾಜು. 'ಅವನ ರೀ' ಎಂದರೆ ಖಾತ್ರಿ. ಬರಹದಲ್ಲಿ ಎರಡೂ 'ಅವನೇ' ಆಗಿಬಿಟ್ಟರೆ ಒಬ್ಬನ ಆಯುಷ್ಯವೇ ಜೈಲಿನಲ್ಲಿ ಸವೆಯಬಹುದು. ಸಾಕ್ಷಿಯ ಹಾವಭಾವವನ್ನೂ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ. ವಿಚಾರಣಾ ನ್ಯಾಯಾಧೀಶರು ಅದನ್ನು ಧಾರಾಳವಾಗಿ ಬಳಸಬೇಕು.

ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ್ದನ್ನು ನಾವು ಮರೆಯಬಾರದು. ಮೇಲಿನ ನ್ಯಾಯಾಲಯ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಬಹುದು, ನಿಜ. ಆದರೆ ಆರೋಪಿ ನಿರ್ದೋಷಿ ಎಂಬ ಭಾವನೆ ಮೊದಲೇ ಇರುತ್ತದೆ, ವಿಚಾರಣೆಯಲ್ಲಿ ಬಿಡುಗಡೆಯಾದಾಗ ಅದು ಇಮ್ಮಡಿಯಾಗುತ್ತದೆ. ಎರಡು ಅಭಿಪ್ರಾಯಗಳಿಗೆ ಎಡೆಯಿದ್ದರೆ ಆ ಬಿಡುಗಡೆಯನ್ನು ಕದಲಿಸಬಾರದು.

ಹಾಗಾದರೆ ಸತ್ತವನ ಮನೆಯವರಿಗೆ ಏನು ಉತ್ತರ? ಬಿಡುಗಡೆ ಎಂದರೆ ಕಂಡವರು ಸುಳ್ಳಾಡಿದರೆಂದೇ ಅರ್ಥವಲ್ಲ; ಆರೋಪ ಸಂಶಯಾತೀತವಾಗಿ ರುಜುವಾತಾಗಲಿಲ್ಲ ಎಂದಷ್ಟೇ. ಆ ಕೊರತೆಯನ್ನು ತುಂಬುವ ಹೊಣೆ ಪೊಲೀಸರದು. ಹೇಳಿಕೆಯನ್ನು ಆಗಿಂದಾಗಲೇ ಪಡೆಯಲಿ, ಗುರುತು ಪತ್ತೆ ಪರೇಡ್ ತಡವಿಲ್ಲದೆ ನಡೆಯಲಿ, ಸಾಕ್ಷಿಗೆ ರಕ್ಷಣೆ ಸಿಗಲಿ. ಇದಾವುದೂ ಆಗದೆ ಆರೋಪಿಯ ಹೆಸರು ಕೇಳಿಯೇ ತೀರ್ಪು ಕೊಡುವ ಸಮಾಜ ನಿರಪರಾಧಿಯನ್ನೂ ಉಳಿಸದು, ಅಪರಾಧಿಯನ್ನೂ ಹಿಡಿಯದು.