ಆರ್ಥರನ ಆಸ್ಥಾನದಲ್ಲಿ ಟೆಲಿಫೋನು

ನಮ್ಮ ಆಲಂಕಾರಿಕರು ಕಾವ್ಯದೋಷಗಳನ್ನು ಎಣಿಸುವಾಗ ದೇಶವಿರೋಧ, ಕಾಲವಿರೋಧಗಳೆಂಬ ಎರಡನ್ನು ಮರೆಯದೆ ಹೇಳಿರುವರು. ನಡುರಾತ್ರಿಯಲ್ಲಿ ತಾವರೆಯನ್ನು ಅರಳಿಸುವ ಕವಿಯು ಅವರ ಮುಂದೆ ತಪ್ಪಿತಸ್ಥನೇ ಸರಿ. ಆದರೆ ದಂಡಿಯು ಅಷ್ಟಕ್ಕೇ ನಿಲ್ಲಿಸದೆ, ಕವಿಯು ಕುಶಲನಾಗಿದ್ದಲ್ಲಿ ಇಂಥ ವಿರೋಧವೇ ಒಮ್ಮೊಮ್ಮೆ ದೋಷದ ಎಲ್ಲೆಯನ್ನು ದಾಟಿ ಗುಣದ ಬೀದಿಗೆ ಇಳಿಯುವುದೆಂದೂ ಕಾವ್ಯಾದರ್ಶದಲ್ಲಿ ಒಪ್ಪಿರುವನು. ಮಧ್ಯಯುಗದ ಕಲ್ಪಿತಲೋಕಗಳಿಗೆ ಇಂದಿನ ಯಂತ್ರಗಳನ್ನು ಹೊತ್ತು ತರುವ ಕಥೆಗಳು ಈಗ ನಮ್ಮ ಮನೆಗಳ ಹುಡುಗರ ಕೈಯಲ್ಲಿ ಹೇರಳವಾಗಿರುವುದರಿಂದ, ಈ ಎರಡು ಮಾತುಗಳನ್ನು ಕೈದೀಪವಾಗಿ ಹಿಡಿದು, ಆ ಜಾತಿಯ ಎರಡು ಹಳೆಯ ಗ್ರಂಥಗಳನ್ನು ನೋಡಬೇಕೆಂದು ನನ್ನ ಇಚ್ಛೆ.

ಮೊದಲನೆಯದು ಅಮೆರಿಕಾದ ಮಾರ್ಕ್ ಟ್ವೇನನು ೧೮೮೯ರಲ್ಲಿ ಪ್ರಕಟಿಸಿದ ‘ಎ ಕನೆಕ್ಟಿಕಟ್ ಯಾಂಕಿ ಇನ್ ಕಿಂಗ್ ಆರ್ಥರ್ಸ್ ಕೋರ್ಟ್’. ಹ್ಯಾಂಕ್ ಮಾರ್ಗನ್ ಎಂಬ ಬಂದೂಕಿನ ಕಾರ್ಖಾನೆಯ ಮೇಸ್ತ್ರಿಯೊಬ್ಬನು ಜಗಳದಲ್ಲಿ ತಲೆಗೆ ಹಾರೆಯ ಪೆಟ್ಟು ಬಿದ್ದು ಮೂರ್ಛೆಹೋಗಿ, ಕ್ರಿ. ಶ. ೫೨೮ರ ಇಂಗ್ಲೆಂಡಿನಲ್ಲಿ ಕಣ್ಣುಬಿಡುವನು. ಅವನನ್ನು ಸುಡುವ ಕಂಬಕ್ಕೆ ಕಟ್ಟಿದಾಗ, ಅದೇ ವೇಳೆಗೆ ಬರಲಿದ್ದ ಸೂರ್ಯಗ್ರಹಣವನ್ನು ನೆನೆದು, ತಾನೇ ಸೂರ್ಯನನ್ನು ಮುಚ್ಚಿದೆನೆಂದು ಹೆದರಿಸಿ ಪಾರಾಗುವನು. ಬಳಿಕ ಆರ್ಥರನಿಗೆ ಮಂತ್ರಿಯಾಗಿ ಟೆಲಿಗ್ರಾಫು, ಟೆಲಿಫೋನು, ವೃತ್ತಪತ್ರಿಕೆಗಳನ್ನು ನಾಡಿಗೆ ತರುವನು. ಹದಿಮೂರು ಶತಮಾನಗಳ ಹಿಂದಿನ ಗ್ರಹಣದ ದಿನವನ್ನೂ ಗಳಿಗೆಯನ್ನೂ ಬಾಯಿಪಾಠವಾಗಿ ಬಲ್ಲ ಮೇಸ್ತ್ರಿಯನ್ನು ನಾನಂತೂ ಕಂಡಿಲ್ಲ. ಪಂಚಾಂಗ ಗುಣಿಸುವವರಿಗೂ ಗ್ರಂಥವನ್ನು ಬಿಚ್ಚದೆ ಆಗದ ಕೆಲಸವದು.

ಇತಿಹಾಸಜ್ಞರು ಇಲ್ಲಿಗೇ ಪುಸ್ತಕವನ್ನು ಮುಚ್ಚಿ ‘ಅಸಂಭವ’ವೆಂದು ತೀರ್ಪು ಕೊಡಬಹುದು. ಆದರೆ ಯಾವ ಇತಿಹಾಸಕ್ಕೆ ಅಸಂಭವ? ಆರ್ಥರನ ಕಥೆಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿದ ಮ್ಯಾಲೊರಿಯ ಗ್ರಂಥವು ಕ್ಯಾಕ್ಸ್‌ಟನ್ನನ ಅಚ್ಚುಕೂಟದಿಂದ ಹೊರಬಂದದ್ದು ೧೪೮೫ರಲ್ಲಿ. ಅಲ್ಲಿಯ ವೀರರ ಕವಚಗಳೂ ಕುದುರೆಯೇರಿದ ಭರ್ಜಿಕಾಳಗಗಳೂ ಆರನೆಯ ಶತಮಾನದವಲ್ಲ, ಎಷ್ಟೋ ಕಾಲ ಈಚಿನವು. ಟ್ವೇನನ ಮೇಸ್ತ್ರಿ ಕಾಲಿಡುವ ಮೊದಲೇ ಆ ಲೋಕದಲ್ಲಿ ಕಾಲಗಳು ಬೆರೆತುಹೋಗಿದ್ದುವು. ಅದನ್ನು ಕವಿಸಮಯವೆಂದು ಒಪ್ಪಿದವರು ಟೆಲಿಫೋನಿನ ಮುಂದೆ ಮಾತ್ರ ಮುಖ ಸಿಂಡರಿಸುವುದು ನ್ಯಾಯವಲ್ಲ.

ನನ್ನ ಆಕ್ಷೇಪವು ಬೇರೆ. ಯಂತ್ರವು ಒಬ್ಬನ ತಲೆಯಲ್ಲಿ ಇಡಿಯಾಗಿ ಇರುವ ವಸ್ತುವಲ್ಲ. ಜೇಮ್ಸ್ ವಾಟನು ತನ್ನ ಆವಿಯಂತ್ರದ ಸುಧಾರಣೆಗೆ ೧೭೬೯ರಲ್ಲಿಯೇ ಸನ್ನದು ಪಡೆದಿದ್ದರೂ, ದೊಡ್ಡ ಸಿಲಿಂಡರಿನ ಒಳಮೈಯನ್ನು ಆವಿ ಸೋರದಂತೆ ದುಂಡಗೆ ಕೊರೆದುಕೊಡುವವರು ಸಿಕ್ಕದೆ ಬಹಳವಾಗಿ ಕಷ್ಟಪಟ್ಟನು. ಫಿರಂಗಿ ಕೊರೆಯುವುದಕ್ಕಾಗಿ ೧೭೭೪ರಲ್ಲಿ ಹೊಸ ಯಂತ್ರವನ್ನು ಮಾಡಿದ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕೆಲಸದವನು ಆ ಕುಂದನ್ನು ನೀಗಿದನು. ೧೭೭೬ರಲ್ಲಿ ವಾಟನ ಯಂತ್ರಗಳು ಕೆಲಸಕ್ಕೆ ನಿಂತುವು. ಬುದ್ಧಿಯು ಇದ್ದೂ ಕೈಗಾಗಿ ಏಳು ವರ್ಷ ಕಾಯಬೇಕಾಯಿತು. ಹೀಗಿರುವಲ್ಲಿ, ಮೈಲಿಗಟ್ಟಲೆ ತಾಮ್ರದ ತಂತಿಯನ್ನು ಎಳೆಯುವವರಾರು, ಅದಕ್ಕೆ ಹೊದಿಕೆ ಸುತ್ತುವವರಾರು? ಟ್ವೇನನು ಇದನ್ನು ಅರಿಯದವನಲ್ಲ. ಗುಟ್ಟಾದ ಪಾಠಶಾಲೆಗಳನ್ನೂ ಕಾರ್ಖಾನೆಗಳನ್ನೂ ಮೇಸ್ತ್ರಿಯಿಂದ ಕಟ್ಟಿಸುವನು. ಆದರೆ ಕಲಿಯುವ ಆ ಶ್ರಮವನ್ನು ನಾಲ್ಕು ಮಾತಿನಲ್ಲಿ ಮುಗಿಸಿ, ವರ್ಷಗಳನ್ನು ಹಾರಿಬಿಡುವನು. ಇಂಥ ಕಥೆಗಳನ್ನೇ ಓದಿ ಬೆಳೆದ ಹುಡುಗನು, ಹಿಂದಿನವರೆಲ್ಲರೂ ಮೂಢರು, ನಮ್ಮಂಥವನೊಬ್ಬನು ಹೋಗಿದ್ದರೆ ಸಾಕಾಗಿತ್ತು, ಎಂದು ತಿಳಿದರೆ ಆಶ್ಚರ್ಯವೇನು?

ಈ ತಪ್ಪಿನಲ್ಲಿ ನನಗೂ ಪಾಲುಂಟು. ಗುಟೆನ್‌ಬರ್ಗನು ಅಚ್ಚಿನ ಯಂತ್ರವನ್ನು ಕಂಡುಹಿಡಿದನು ಎಂಬ ಒಂದೇ ವಾಕ್ಯದಿಂದ ಆ ಪಾಠವನ್ನು ವರ್ಷವರ್ಷವೂ ಮುಗಿಸುತ್ತಿದ್ದೆನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಅವನಿಗೆ ಕಾಗದ ಯಾರು ಕೊಟ್ಟರು, ಮೇಷ್ಟ್ರೇ?” ಎಂದನು. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆನು. ಚೀನದಲ್ಲಿ ಹುಟ್ಟಿದ ಕಾಗದವು ಅರಬರ ಕೈಯಿಂದ ಸ್ಪೇನಿಗೂ ಇಟಲಿಗೂ ಬಂದು ನೆಲೆಯೂರಿದ್ದರಿಂದಲ್ಲವೆ ಅವನ ಅಚ್ಚು ಉಳಿದದ್ದು? ೧೪೫೫ರ ಸುಮಾರಿಗೆ ಮುಗಿದ ಅವನ ಬೈಬಲಿನ ಒಂದು ಪ್ರತಿಯನ್ನು ತೊಗಲಿನ ಮೇಲೆ ಅಚ್ಚುಹಾಕುವುದಕ್ಕೆ ಸುಮಾರು ೧೭೦ ಕರುಗಳ ಚರ್ಮ ಬೇಕಾಗುತ್ತಿತ್ತೆಂದು ಬಲ್ಲವರ ಎಣಿಕೆ. ಆ ಹುಡುಗನಿಗೆ ಉತ್ತರ ಹೇಳದೆಯೇ ನಾನು ನಿವೃತ್ತನಾದೆನು.

ಅವನ ಪ್ರಶ್ನೆಯನ್ನು ಬೇರೊಬ್ಬ ಕಾದಂಬರಿಕಾರನು ಕೇಳಿಕೊಂಡಿರುವನು. ಎಲ್. ಸ್ಪ್ರೇಗ್ ಡಿ ಕ್ಯಾಂಪನ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ ೧೯೩೯ರಲ್ಲಿ ಪತ್ರಿಕೆಯೊಂದರಲ್ಲಿ ಬಂದು, ೧೯೪೧ರಲ್ಲಿ ಪುಸ್ತಕವಾಯಿತು. ಇದರಲ್ಲಿ ಮಾರ್ಟಿನ್ ಪ್ಯಾಡ್‌ವೇ ಎಂಬ ಪುರಾತತ್ತ್ವಜ್ಞನು ೫೩೫ರ ರೋಮಿಗೆ ಹೋಗಿ ಬೀಳುವನು. ಗಾಥರ ಮೇಲೆ ಜಸ್ಟಿನಿಯನ್ನನ ಯುದ್ಧವು ಮೊದಲಾದ ವರ್ಷವದು. ಈತನು ಮೊದಲು ಕೈಹಾಕುವುದು ಬ್ರಾಂದಿಯನ್ನು ಭಟ್ಟಿಯಿಳಿಸುವುದಕ್ಕೆ. ಮೂಲಧನವನ್ನು ಸಾಹುಕಾರನಿಂದ ಪಡೆಯುವುದಾದರೂ, ಅಂಕಿಗಳನ್ನೂ ಜಮಾಖರ್ಚಿನ ಹೊಸ ಕ್ರಮವನ್ನೂ ಕಲಿಸಿಕೊಟ್ಟು! (ಅವನ್ನು ಅರಬೀ ಅಂಕಿಗಳೆಂದು ಕರೆಯುವುದು ಪಾಶ್ಚಾತ್ಯರ ವಾಡಿಕೆ, ಆರ್ಯಭಟನು ೪೯೯ರಲ್ಲಿಯೇ ಗ್ರಂಥರಚನೆ ಮಾಡಿದ್ದನೆಂಬುದನ್ನು ನೆನೆದರೆ, ಪ್ಯಾಡ್‌ವೇಯ ಈ ‘ಭವಿಷ್ಯದ ವಿದ್ಯೆ’ಯ ಬೇರು ಆಗಲೇ ನಮ್ಮ ಕಡೆ ಇಳಿದಿತ್ತು.) ಅಚ್ಚುಹಾಕಹೊರಟಾಗ ತೊಗಲಿನ ಹಾಳೆ ಸಾಲದೆ ಕಾಗದಕ್ಕಾಗಿ ಪರದಾಡುವನು. ಗಡಿಯಾರವು ನಡೆಯುವುದಿಲ್ಲ. ಸಿಡಿಮದ್ದೂ ಕೈಕೊಡುವುದು, ಪೆಟ್ಲುಪ್ಪು, ಗಂಧಕ, ಇದ್ದಿಲುಗಳೆಂಬ ಮೂರರ ಹೆಸರು ಬಲ್ಲವನಿಗೆ ಮದ್ದು ಬಂದಂತಾಗಲಿಲ್ಲ. ಚೀನದಲ್ಲಿ ೧೦೪೪ರ ಗ್ರಂಥವೊಂದರಲ್ಲಿಯೇ ಮದ್ದಿನ ಪಾಕಗಳು ಬರೆದಿದ್ದರೂ, ಉಪ್ಪನ್ನು ಶುದ್ಧಿಮಾಡಿ, ಒದ್ದೆಯಾಗಿ ಅರೆದು, ಕಾಳುಕಟ್ಟಿಸುವ ಹದವು ಯೂರೋಪಿಗೆ ಕೂಡಿಬಂದದ್ದು ಹದಿನೈದನೆಯ ಶತಮಾನದಲ್ಲಿ. ನಾಯಕನ ಈ ಸೋಲುಗಳಲ್ಲಿಯೇ ಆ ಕಾಲದ ಕುಶಲಕರ್ಮಿಗಳಿಗೆ ಸಲ್ಲಬೇಕಾದ ಮರ್ಯಾದೆಯು ಸಂದಿದೆ.

ಸಂಭಾವ್ಯತೆಯನ್ನೇ ತಕ್ಕಡಿಯಲ್ಲಿಟ್ಟರೆ ಡಿ ಕ್ಯಾಂಪನ ತಟ್ಟೆಯು ತೂಗುವುದು. ಆದರೂ ನಾನು ಎರಡನೆಯ ಸಲ ಓದಿದ್ದು ಟ್ವೇನನನ್ನು. ವೀರರನ್ನು ಬೈಸಿಕಲ್ ಹತ್ತಿಸುವ ಅವನ ಕುಚೋದ್ಯಕ್ಕೆ ನಕ್ಕೆನು, ಮೆಚ್ಚಲಿಲ್ಲ. ಕೊನೆಯ ಭಾಗದ ಮಾತು ಬೇರೆ. ಮಠಾಧಿಕಾರಿಗಳ ಬಹಿಷ್ಕಾರದ ಆಜ್ಞೆ ಹೊರಟೊಡನೆ, ಮೇಸ್ತ್ರಿಯು ವರ್ಷಗಟ್ಟಲೆ ತಿದ್ದಿದ ಜನರು ಒಬ್ಬೊಬ್ಬರಾಗಿ ಹಳೆಯ ಭಯಕ್ಕೆ ಮರಳುವರು. ಯಂತ್ರಗಳು ಬಂದ ಬಗೆಯನ್ನು ನಂಬದವರೂ ಅವು ಹೋದ ಬಗೆಯನ್ನು ನಂಬಲೇಬೇಕು. ಅವನೊಡನೆ ಉಳಿದವರು ಕ್ಲಾರೆನ್ಸ್ ಎಂಬ ಶಿಷ್ಯನೂ ಐವತ್ತೆರಡು ಹುಡುಗರೂ ಮಾತ್ರ. ವಿದ್ಯುತ್ತಿನ ಬೇಲಿಗಳಿಂದಲೂ ಗ್ಯಾಟ್ಲಿಂಗ್ ಕೋವಿಗಳಿಂದಲೂ ಅವರು ಇಪ್ಪತ್ತೈದು ಸಾವಿರ ಮಂದಿಯನ್ನು ಕೊಂದು, ಸುತ್ತಲೂ ಬಿದ್ದ ಆ ಹೆಣಗಳ ವಿಷಗಾಳಿಗೆ ಸಿಕ್ಕಿ ಗುಹೆಯಲ್ಲಿ ತಾವೂ ಕಾಯಿಲೆ ಬೀಳುವರು. ದಂಡಿಯು ಗುಣದ ಬೀದಿಯೆಂದು ಹೇಳಿದ್ದು ಇದನ್ನೇ ಎಂದು ನನಗೆ ತೋರಿತು. ಆ ಹುಡುಗರ ವಯಸ್ಸು ಹದಿನಾಲ್ಕರಿಂದ ಹದಿನೇಳು. ನಾನು ಜನ್ಮವೆಲ್ಲ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದು ಅದೇ ವಯಸ್ಸಿನವರಿಗೆ. ಆ ಅಧ್ಯಾಯವನ್ನು ಒಂದೇ ಸಲಕ್ಕೆ ಓದಿ ಮುಗಿಸುವುದು ನನ್ನಿಂದಾಗಲಿಲ್ಲ.