ಜಂಕ್ ಅಂತ ಅಳಿಸೋ ಮುಂಚೆ

ಡೇಟಾ ಮೈಗ್ರೇಶನ್ ಕೆಲಸದಲ್ಲಿ ನನಗೆ ತುಂಬಾ ಸಿಟ್ಟು ತರಿಸುವ ಪದ ‘ಜಂಕ್’. ಮೇನ್‌ಫ್ರೇಮ್‌ನಿಂದ ಬಂದ ಫೈಲ್ ತೆರೆದಾಗ ಪರದೆ ತುಂಬ @@@@ ಮತ್ತು ಗುರುತು ಸಿಗದ ಚೌಕಗಳು ಕಂಡವೋ, ‘ಜಂಕ್ ಕ್ಯಾರೆಕ್ಟರ್ಸ್ ಇವೆ, ಕ್ಲೀನ್ ಮಾಡ್ಬಿಡಿ’ ಅಂತ ಯಾರೋ ಒಬ್ಬರು ಹೇಳೇ ಹೇಳ್ತಾರೆ. ಬೈಗುಳವೆಲ್ಲ ಹಳೇ ಸಿಸ್ಟಮ್‌ಗೆ. ನನ್ನ ತಕರಾರು ಆ ಫೈಲಿನ ಮೇಲಲ್ಲ, ಅದನ್ನು ಓದುವ ನಮ್ಮ ರೀತಿಯ ಮೇಲೆ.

ಆ @ ಚಿಹ್ನೆಯನ್ನೇ ನೋಡಿ. 1964ರಲ್ಲಿ ಸಿಸ್ಟಮ್/360 ಜೊತೆ ಐಬಿಎಂ ತಂದ ಎಬ್ಸಿಡಿಕ್‌ನಲ್ಲಿ ಖಾಲಿ ಜಾಗದ ಸಂಕೇತ ಹೆಕ್ಸ್ 40. ಆಸ್ಕಿಯಲ್ಲಿ ಅದೇ 40 ಅಂದರೆ @. ಅಂದರೆ ಫೈಲ್ ಕೆಟ್ಟಿಲ್ಲ. ‘ನಾನು ಎಬ್ಸಿಡಿಕ್, ನೀನು ಆಸ್ಕಿ ಅಂದ್ಕೊಂಡು ಓದ್ತಾ ಇದೀಯ’ ಅಂತ ಅದೇ ಹೇಳುತ್ತಿದೆ. ಯೂನಿಕೋಡ್‌ಗೆ ಮುಂಚೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಫೈಲನ್ನು ಮೊಬೈಲ್‌ನಲ್ಲಿ ತೆರೆದರೆ ಕನ್ನಡದ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದಲ್ಲ, ಅದೇ ಕಥೆ. ಅದನ್ನು ಕಸ ಅಂತ ಯಾರೂ ಅಳಿಸುವುದಿಲ್ಲ, ಕನ್ವರ್ಟರ್ ಹುಡುಕುತ್ತೇವೆ.

ಕಣ್ಣಿಗೆ ಕಾಣುವ ಗೊಂದಲ ಪುಣ್ಯ ಅನ್ನಬೇಕು. ಅದನ್ನು ‘ಕ್ಲೀನ್’ ಮಾಡಿದಾಗಲೇ ಅಪಾಯ ಶುರು. ಹಣದ ಕಾಲಂನಲ್ಲಿ 100} ಅಂತ ಕಂಡಿತು ಅನ್ನಿ. ಕೋಬಾಲ್‌ನ ಝೋನ್ಡ್ ಡೆಸಿಮಲ್‌ನಲ್ಲಿ ಋಣ ಚಿಹ್ನೆ ಕೊನೆಯ ಅಂಕಿಯ ಒಳಗೇ ಕೂತಿರುತ್ತದೆ; } ಅಂದರೆ ಋಣ ಸೊನ್ನೆ. ಅಲ್ಲಿರುವುದು -1000. ಅಂಕಿಯಲ್ಲದ್ದನ್ನೆಲ್ಲ ತೆಗೆಯುವ ಸ್ಕ್ರಿಪ್ಟ್ ಓಡಿಸಿದಿರೋ, +100 ಉಳಿಯಿತು. ಸಾವಿರ ಸಾಲ ಇದ್ದವರ ಖಾತೆಯಲ್ಲಿ ಈಗ ನೂರು ಜಮಾ!

ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದ ತಪ್ಪು. ಪ್ಯಾಕ್ಡ್ ಡೆಸಿಮಲ್, ಅಂದರೆ ಕಾಂಪ್-3 ಫೀಲ್ಡ್‌ನಲ್ಲಿ ಒಂದು ಬೈಟ್‌ಗೆ ಎರಡು ಅಂಕಿ. +12345 ಎಂಬುದು 12, 34, 5ಸಿ ಎಂಬ ಮೂರು ಬೈಟ್‌ಗಳು. ಕೊನೆಯ ‘ಸಿ’ ಧನ ಚಿಹ್ನೆ. ಇಡೀ ರೆಕಾರ್ಡ್ ಪಠ್ಯವೇ ಅಂದುಕೊಂಡು ಕೋಡ್ ಪೇಜ್ 037ರಿಂದ ಲ್ಯಾಟಿನ್-1ಕ್ಕೆ ಬದಲಿಸಿದರೆ 12 ಹಾಗೇ ಉಳಿಯುತ್ತದೆ, 34 ಹೋಗಿ 94 ಆಗುತ್ತದೆ, 5ಸಿ ಹೋಗಿ 2ಎ. ಆ ‘ಎ’ ಕೂಡ ಪ್ಯಾಕ್ಡ್ ಡೆಸಿಮಲ್‌ನಲ್ಲಿ ಒಪ್ಪಿತವಾದ ಧನ ಚಿಹ್ನೆಯೇ! ಹಾಗಾಗಿ ಮುಂದಿನ ಪ್ರೋಗ್ರಾಂ ಅದನ್ನು ಅಚ್ಚುಕಟ್ಟಾಗಿ 12942 ಅಂತ ಓದಿಕೊಳ್ಳುತ್ತದೆ. @ ಇಲ್ಲ, ಚೌಕ ಇಲ್ಲ, ಎರರ್ ಇಲ್ಲ. ಲಾಗ್ ಪೂರ್ತಿ ಹಸಿರು.

ಹೆಸರುಗಳ ಪಾಡೂ ಇದೇ. 2019ರಲ್ಲಿ ಬ್ರಸೆಲ್ಸ್‌ನ ಮೇಲ್ಮನವಿ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ಗ್ರಾಹಕರೊಬ್ಬರ ಹೆಸರಿನ ಅಕ್ಷರದ ಮೇಲಿನ ಚಿಹ್ನೆಯನ್ನು ಅವರ ಬ್ಯಾಂಕ್ ಬರೆಯುತ್ತಿರಲಿಲ್ಲ. ನಮ್ಮ ಹಳೇ ಸಿಸ್ಟಮ್‌ನಲ್ಲಿ ಅದು ಬರಲ್ಲ ಅನ್ನುವುದು ಅದರ ವಾದ. ನ್ಯಾಯಾಲಯ ಒಪ್ಪಲಿಲ್ಲ. ಹೆಸರು ಸರಿಯಾಗಿರಬೇಕು ಅನ್ನುವುದು ಜಿಡಿಪಿಆರ್ ಕಾನೂನು ಕೊಟ್ಟ ಹಕ್ಕು, ಯಂತ್ರದ ವಯಸ್ಸು ಅದಕ್ಕೆ ನೆಪವಲ್ಲ ಎಂಬುದು ತೀರ್ಪಿನ ಸಾರ. ನಮ್ಮ ಸ್ಕ್ರಿಪ್ಟ್‌ನಲ್ಲಿ ‘ಗೊತ್ತಿಲ್ಲದ ಅಕ್ಷರ ಬಂದರೆ ಪ್ರಶ್ನಾರ್ಥಕ ಚಿಹ್ನೆ ಹಾಕು’ ಅಂತ ಬರೆಯುವಾಗಲೂ ಯಾರದೋ ಹೆಸರನ್ನೇ ಮುರಿಯುತ್ತಿದ್ದೇವೆ.

ಹಾಗಂತ ಮೇನ್‌ಫ್ರೇಮ್ ಫೈಲ್‌ನಲ್ಲಿ ಕಸವೇ ಇರಲ್ಲ ಅಂತಲ್ಲ. ಅಂಕಿ ಇರಬೇಕಾದ ಕಡೆ ಬರೀ ಖಾಲಿ ಜಾಗ, ಎಂದೂ ತುಂಬದ ಫೀಲ್ಡ್‌ನಲ್ಲಿ ಹೆಕ್ಸ್ ಸೊನ್ನೆ, ಎಲ್ಲ ಇರುತ್ತೆ. ಆದರೆ ಅದು ಕಸವೋ ಅಲ್ಲವೋ ಅನ್ನೋದು ಸರಿಯಾಗಿ ಓದಿದ ಮೇಲಷ್ಟೇ ತಿಳಿಯುವ ವಿಷಯ. ಓದೋಕೆ ಮುಂಚೆ ಕೊಡೋ ತೀರ್ಪಲ್ಲ.

ಓದುವ ದಾರಿ ಗುಟ್ಟೇನೂ ಅಲ್ಲ. ಫೈಲನ್ನು ಬೈನರಿ ಆಗಿಯೇ ತನ್ನಿ. ಎಫ್‌ಟಿಪಿಯ ಟೆಕ್ಸ್ಟ್ ಮೋಡ್ ದಾರಿಯಲ್ಲೇ ಕೈಯಾಡಿಸಿಬಿಡುತ್ತೆ. ಕಾಪಿಬುಕ್ ಕೇಳಿ, ಯಾವ ಫೀಲ್ಡ್ ಪಠ್ಯ, ಯಾವುದು ಪ್ಯಾಕ್ಡ್ ಅನ್ನೋದು ಅದರಲ್ಲಿರುತ್ತೆ. ಪಠ್ಯವನ್ನು ಮಾತ್ರ ಬದಲಿಸಿ. ಕೋಡ್ ಪೇಜ್ ಯಾವುದು ಅಂತ ಊಹಿಸಬೇಡಿ: 037ರ ಪೈಪ್ ಗೆರೆ 500ರಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಕೊನೆಗೆ ರೆಕಾರ್ಡ್‌ಗಳ ಎಣಿಕೆ ಮಾತ್ರ ಸಾಲದು, ಹಣದ ಒಟ್ಟು ಮೊತ್ತವೂ ಮೇನ್‌ಫ್ರೇಮ್ ಕಡೆಯವರು ಕೊಟ್ಟ ಮೊತ್ತಕ್ಕೆ ತಾಳೆಯಾಗಬೇಕು. 12942 ಸಿಕ್ಕಿಬೀಳೋದು ಅಲ್ಲೇ.

ಇಷ್ಟಕ್ಕೆ ಎರಡು ದಿನ ಹೆಚ್ಚು ಹಿಡಿಯಬಹುದು. ಪ್ಲಾನ್‌ನಲ್ಲಿ ‘ಡೇಟಾ ಕ್ಲೆನ್ಸಿಂಗ್’ ಅನ್ನೋ ಸಾಲಿನ ಮೇಲೆ ‘ಡೇಟಾ ಓದುವುದು’ ಅಂತ ಇನ್ನೊಂದು ಸಾಲು ಸೇರಿಸಿ. ಮ್ಯಾನೇಜರ್ ಯಾಕೆ ಅಂತ ಕೇಳಿದರೆ, ಆ 100} ತೋರಿಸಿ ಸಾಕು.